ಉಡಿಗೆ ಹಾಕಿದ ಪಪ್ಪಾಯಿ ಬೀಜ

ಮೇಡ್ಲೇರಿ
6 ಡಿಸೆಂಬರ್ 2020

ಚಿ. ಬೇನಜೀರಳಿಗೆ,

ನಾನು ಮೇಡ್ಲೇರಿಯ ಹೊಳೆದಂಡೆ ತೋಟದ ಗದಿಗೆವ್ವ. ರಾಣೇಬೆನ್ನೂರಿನ ಹೈಸ್ಕೂಲಿನಲ್ಲಿ ಹತ್ತನೆಯ ಇಯತ್ತೆಯವರೆಗೆ ಓದಿದವಳು. ಈ ಊರಿನಲ್ಲಿ ಲಗ್ನ ಗೊತ್ತಾಗಲಿ, ಹೊಲದ ಪಾಲಾಗಲಿ, ನೀರಿನ ಪಾಳಿಯ ಜಗಳವಾಗಲಿ, ನನ್ನನ್ನು ಕೇಳದೆ ಮುಗಿಯುವುದಿಲ್ಲ. ನಾನು ಮಾತ್ರ ಇದುವರೆಗೆ ಯಾರ ಹೊಸ್ತಿಲಲ್ಲೂ ನಿಂತು ಏನನ್ನೂ ಕೇಳಿದವಳಲ್ಲ. ಈ ಪತ್ರವೂ ಕೇಳುವುದಕ್ಕಲ್ಲ, ತಿಳಿಸುವುದಕ್ಕೆ.

ನಿನ್ನ ಅಪ್ಪ ಮಲ್ಲಿಕಸಾಬ ಇಪ್ಪತ್ತು ವರ್ಷದಿಂದ ನಮ್ಮ ಪಪ್ಪಾಯಿ ಹಣ್ಣನ್ನು ಬ್ಯಾಡಗಿಗೆ ಒಯ್ಯುತ್ತಾನೆ. ನೀನು ಪುಣೆಯಲ್ಲಿ ಗಿಡಗಳ ರೋಗದ ಮೇಲೆ ಸಂಶೋಧನೆ ಮಾಡುತ್ತೀ ಎಂದು ಅವನೇ ಹೇಳಿದ. ಫೋನ್ ಮಾಡಿ ಕೊಡುತ್ತೇನೆ ಎಂದ. ಬೇಡವೆಂದೆ. ಫೋನಿನಲ್ಲಿ ಆಡಿದ ಮಾತಿಗೆ ಆಡಿದವರೂ ಜವಾಬ್ದಾರರಲ್ಲ, ಕೇಳಿದವರೂ ಅಲ್ಲ.

ನಮ್ಮ ಪಪ್ಪಾಯಿ ಅಂಗಡಿಯ ಬೀಜದ್ದಲ್ಲ. ನಮ್ಮ ಅತ್ತೆಯವರ ಅತ್ತೆ ಕಾಪಾಡಿಕೊಂಡು ಬಂದದ್ದು. ಅದನ್ನು ನಾವು ಮಾರುವುದಿಲ್ಲ. ಈ ಊರಿಗೆ ಸೊಸೆ ಬಂದರೆ ಅವಳ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬಿನ ಜೊತೆಗೆ ಒಂದು ಚಿಟಿಕೆ ಪಪ್ಪಾಯಿ ಬೀಜ ಹಾಕುತ್ತೇವೆ. ಹೊಸ ಮದುವಣಗಿತ್ತಿಗೆ ಪಪ್ಪಾಯಿಯೇ ಎಂದು ಮುದುಕಿಯರು ಮೂಗು ಮುರಿದರೆ ನಮ್ಮ ಅತ್ತೆ, "ತಿನ್ನಾಕ ಅಲ್ಲಬೇ, ಹಿತ್ತಲದಾಗ ಹಚ್ಚಾಕ" ಎನ್ನುತ್ತಿದ್ದರು. ನಿನ್ನ ತಾಯಿ ಹುಸೇನಬಿಯ ಉಡಿಗೆ ನಾನೇ ಹಾಕಿದ್ದೇನೆ. ನೀನು ಆಡಿ ಬೆಳೆದ ಹಿತ್ತಲಿನ ಗಿಡ ಆ ಬೀಜದ್ದೇ.

ಈಗ ತೋಟದಲ್ಲಿ ಒಂದೆರಡು ಗಿಡದ ಎಲೆ ಮುರುಟಿಕೊಂಡಿವೆ. ಹಣ್ಣಿನ ಮೇಲೆ ಉಂಗುರ ಒತ್ತಿದ ಹಾಗೆ ಗುರುತು ಬಂದಿದೆ. ದೊಡ್ಡದೇನಲ್ಲ. ಔಷಧದ ಹೆಸರು ಬರೆ, ರುದ್ರಮುನಿ ತಂದು ಹೊಡೆಯುತ್ತಾನೆ. ರುದ್ರಮುನಿ ನನ್ನ ಮಗ.

ಗದಿಗೆವ್ವ

---

ಪುಣೆ
28 ಡಿಸೆಂಬರ್ 2020

ಅವ್ವಾರಿಗೆ ಬೇನಜೀರ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಕೈಬರಹ ನೋಡಿದ್ದು ಇದೇ ಮೊದಲು.

ಅವ್ವಾರೇ, ಈ ರೋಗಕ್ಕೆ ಔಷಧವಿಲ್ಲ. ಇದು ವೈರಸ್. ಗಿಡದಿಂದ ಗಿಡಕ್ಕೆ ಸಣ್ಣ ಸಸ್ಯಹೇನುಗಳು ಒಯ್ಯುತ್ತವೆ. ಅವು ಒಂದು ಎಲೆಗೆ ಬಾಯಿ ಹಾಕಿ ಇನ್ನೊಂದಕ್ಕೆ ಹಾರಿದರೆ ಸಾಕು. ಹತ್ತಿದ ಗಿಡಗಳನ್ನು ಕೂಡಲೇ ಬೇರು ಸಹಿತ ಕಿತ್ತು ಸುಡಿಸಿ. ಇಲ್ಲವಾದರೆ ಉಳಿದವೂ ಹೋಗುತ್ತವೆ.

ನಾವು ಇಲ್ಲಿ ರೋಗ ತಡೆಯುವ ಪಪ್ಪಾಯಿಯನ್ನೇ ಹುಟ್ಟಿಸುವ ಕೆಲಸ ಮಾಡುತ್ತಿದ್ದೇವೆ. ಅದಕ್ಕೆ ಒಂದು ಒಳ್ಳೆಯ ತಳಿ ಬೇಕು. ನಿಮ್ಮ ಮನೆಯ ಬೀಜವನ್ನು ತೆಗೆದುಕೊಳ್ಳಬಹುದೇ? ಒಪ್ಪಿದರೆ ಎರಡು ವಸ್ತು ಕಳಿಸಿ. ಒಂದು, ಬೀಜ ಇನ್ನೂ ಬೆಳ್ಳಗಿರುವ ಎಳೆಯ ಕಾಯಿ. ಇನ್ನೊಂದು, ರೋಗ ಅತಿ ಹೆಚ್ಚು ಹತ್ತಿದ ಎಲೆಗಳು. ನಿಮ್ಮ ತೋಟದ ರೋಗವೇ ನಮಗೆ ಬೇಕು. ಊರಿಂದ ಊರಿಗೆ ಅದು ಸ್ವಲ್ಪ ಬೇರೆಯಾಗಿರುತ್ತದೆ. ಮಂಜುಗಡ್ಡೆಯ ಡಬ್ಬಿಯನ್ನು, ಪುಣೆಗೆ ಮಾಲು ತಂದಿದ್ದ ಅಬ್ಬಾನ ಲಾರಿಯಲ್ಲಿ ಕಳಿಸಿದ್ದೇನೆ.

ಬೇನಜೀರ

---

ಮೇಡ್ಲೇರಿ
16 ಜನವರಿ 2021

ಚಿ. ಬೇನಜೀರಳಿಗೆ,

ಕಾಯಿ ಮತ್ತು ಎಲೆ ಎರಡನ್ನೂ ಕಳಿಸಿದ್ದೇನೆ. ಬೇರೆಯವರ ಕೈಗೆ ಬಿಡದೆ ನಾನೇ ನಿಂತು ಆರಿಸಿದ್ದೇನೆ.

ಗಿಡ ಕೀಳುವ ಮಾತು ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಫಲ ಹೊತ್ತ ಗಿಡಕ್ಕೆ ಈ ಮನೆಯವರು ಕೊಡಲಿ ಹಾಕಿದ್ದಿಲ್ಲ. ಗಾಳಿಗೆ ಬಿದ್ದರೆ ಬೀಳಲಿ, ಒಣಗಿದರೆ ಒಣಗಲಿ, ಅದು ಬೇರೆ. ನೀನು ಓದಿದವಳು, ನಿನ್ನ ಪುಸ್ತಕದಲ್ಲಿ ಹಾಗೆ ಇರಬಹುದು.

ಸಂಕ್ರಮಣದ ಎಳ್ಳು ಹೋಳಿಗೆಯನ್ನೂ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದೇನೆ. ಮಂಜುಗಡ್ಡೆ ತಾಗದ ಹಾಗೆ ಸೊಸೆ ಸುರೇಖಾ ಕಟ್ಟಿದ್ದಾಳೆ.

ಗದಿಗೆವ್ವ

---

ಪುಣೆ
20 ಫೆಬ್ರುವರಿ 2021

ಅವ್ವಾರಿಗೆ ನಮಸ್ಕಾರ.

ಎಲ್ಲವೂ ತಲುಪಿತು. ಎಲೆಗಳು ಬಹಳ ಚೆನ್ನಾಗಿದ್ದವು. ಹೋಳಿಗೆಯನ್ನು ನಮ್ಮ ಲ್ಯಾಬಿನವರೆಲ್ಲ ಹಂಚಿಕೊಂಡು ತಿಂದೆವು. ಕೆಲಸ ನಡೆದಿದೆ.

ತೋಟ ಹೇಗಿದೆ?

ಬೇನಜೀರ

---

ಮೇಡ್ಲೇರಿ
11 ಜುಲೈ 2021

ಚಿ. ಬೇನಜೀರಳಿಗೆ,

ತೋಟ ಚೆನ್ನಾಗಿದೆ.

ಎಲೆ ಚೆನ್ನಾಗಿದ್ದವು ಎಂದು ನೀನು ಬರೆದಿದ್ದೆ. ಅದನ್ನು ಯಜಮಾನರಿಗೆ ಓದಿ ಹೇಳಿದೆ. "ಪುಣೆದವರಿಗೂ ಗೊತ್ತಾತೇನು ನಿನ್ನ ಕೈಗುಣ" ಎಂದು ನಕ್ಕರು. ಅವರು ವರ್ಷಕ್ಕೆ ಒಂದು ಸಲ ಹಾಗೆ ನಗುತ್ತಾರೆ. ಆರು ತಿಂಗಳಾಯಿತು. ನಿನ್ನ ಗಿಡ ಎಷ್ಟು ಎತ್ತರ ಬಂದಿದೆ ಎಂಬುದನ್ನು ತಿಳಿಸು. ಈ ಮಳೆಗಾಲದಲ್ಲೇ ಹಚ್ಚುವುದಾದರೆ ಮಡಿ ಮಾಡಿಸಿ ಇಡುತ್ತೇನೆ.

ಗದಿಗೆವ್ವ

---

ಪುಣೆ
4 ಆಗಸ್ಟ್ 2021

ಅವ್ವಾರಿಗೆ ನಮಸ್ಕಾರ.

ಫೆಬ್ರುವರಿಯಲ್ಲೇ ಬರೆಯಬೇಕಾದದ್ದನ್ನು ಅಂಜಿಕೆಯಿಂದ ಬರೆಯಲಿಲ್ಲ. ನೀವು ಕಳಿಸಿದ ಎಲೆಗಳಲ್ಲಿ ರೋಗವೇ ಇರಲಿಲ್ಲ. ನಾಲ್ಕು ಸಲ ಪರೀಕ್ಷೆ ಮಾಡಿದೆವು. ಅವು ತೋಟದ ಅತ್ಯುತ್ತಮ ಎಲೆಗಳು. ನಾನು ಕೇಳಿದ್ದು ಅತಿ ಕೆಟ್ಟ ಎಲೆಗಳನ್ನು. ಇನ್ನೊಮ್ಮೆ ಕೇಳಿದರೆ ನೀವು ನೊಂದುಕೊಳ್ಳುತ್ತೀರಿ ಎಂದು ಬೇರೆ ತೋಟದ ರೋಗದಲ್ಲಿ ಕೆಲಸ ನಡೆಸಿ ನೋಡಿದೆ. ಆಗಲಿಲ್ಲ. ಒಂದು ಹಂಗಾಮು ಹೋಯಿತು. ಇದರಲ್ಲಿ ತಪ್ಪು ನನ್ನದು.

ತೋಟ ಚೆನ್ನಾಗಿದೆ ಎಂದು ಬರೆದಿದ್ದೀರಿ. ಅಬ್ಬಾ ಹೇಳಿದ, "ಎರಡು ತಿಂಗಳಾತು, ಆ ತ್ವಾಟಕ್ಕ ಗಾಡಿ ಕಳಸಿಲ್ಲ. ತುಂಬಾಕ ಹಣ್ಣ ಇಲ್ಲ. ಅವ್ವಾರು ದಂಡಿಮ್ಯಾಲೆ ಕುಂತಿರ್ತಾರ, ನಾ ಮಾತಾಡ್ಸಾಕ ಹೋಗ್ಲಿಲ್ಲ."

ಬೇನಜೀರ

---

ಮೇಡ್ಲೇರಿ
19 ಆಗಸ್ಟ್ 2021

ಬೇನಜೀರಳಿಗೆ,

ಬೇರೆಯವರ ಮನೆಗೆ ಹುಳುಕು ವಸ್ತು ಕಳಿಸುವ ಮನೆತನ ನಮ್ಮದಲ್ಲ. ಸೊಪ್ಪು ಕಳಿಸಿದರೂ ಕೊಳೆತ ಎಲೆ ತೆಗೆದು ಕಳಿಸುತ್ತೇವೆ. ನೀನು ಕೆಟ್ಟದ್ದನ್ನು ಕೇಳಿದ್ದು ಓದಿದ್ದೆ. ಓದಿ, ಸಂಕೋಚಕ್ಕೆ ಹಾಗೆ ಬರೆದಿದ್ದಾಳೆ, ಒಳ್ಳೆಯದನ್ನೇ ಕೊಡಬೇಕು ಎಂದುಕೊಂಡೆ. ಕೈ ತಾನಾಗಿಯೇ ಒಳ್ಳೆಯ ಎಲೆಗೆ ಹೋಯಿತು.

ಈಗ ಕಳಿಸಿದ್ದು ಕೆಟ್ಟದ್ದು. ಮೊದಲ ಸಾಲಿನ ಗಿಡದ್ದು. ಎಲೆ ಎಲೆಯಾಗಿ ಉಳಿದಿಲ್ಲ, ದಾರದ ಎಳೆಗಳ ಹಾಗೆ ಜೋತಾಡುತ್ತವೆ. ಕಾಂಡದ ಮೇಲೆ ಎಣ್ಣೆ ಇಳಿದ ಹಾಗೆ ಗೆರೆ. ಬಟ್ಟೆಯಲ್ಲಿ ಸುತ್ತಿ, ಯಾರೂ ನೋಡದ ಹಾಗೆ ಲಾರಿಗೆ ಇಡಿಸಿದ್ದೇನೆ. ಒಳಗೆ ಬೇರೆ ಏನೂ ಇಟ್ಟಿಲ್ಲ. ಇದರ ಜೊತೆ ತಿನ್ನುವ ವಸ್ತು ಇಡಲು ಮನಸ್ಸಾಗಲಿಲ್ಲ.

ನಿನ್ನ ಅಪ್ಪನಿಗೆ ಹೇಳು: ಹಣ್ಣಿಲ್ಲದಿದ್ದರೂ ಬಂದು ಚಹಾ ಕುಡಿದು ಹೋಗಲಿ.

ಗದಿಗೆವ್ವ

---

ಪುಣೆ
13 ನವೆಂಬರ್ 2022

ಅವ್ವಾರಿಗೆ ನಮಸ್ಕಾರ.

ಒಂದು ವರ್ಷ ಬರೆಯದಿದ್ದಕ್ಕೆ ಕ್ಷಮಿಸಿ. ಹೇಳಲು ಏನಾದರೂ ಇರಲಿ ಎಂದು ಕಾದೆ. ಈಗ ಇದೆ.

ನೀವು ಕಳಿಸಿದ ದಾರದಂಥ ಎಲೆಯಿಂದ ರೋಗವನ್ನು ಹಿಡಿದೆವು. ವೈರಸ್ಸಿನ ಮೈಮೇಲೆ ಒಂದು ಹೊದಿಕೆ ಇರುತ್ತದೆ. ಆ ಹೊದಿಕೆಯನ್ನು ನೇಯುವ ಸೂತ್ರದ ಒಂದು ತುಣುಕನ್ನು ಮಾತ್ರ ತೆಗೆದುಕೊಂಡೆವು. ಆ ತುಣುಕಿನಿಂದ ರೋಗ ಬರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರದ ಪುಡಿಗೆ ಅದನ್ನು ಲೇಪಿಸಿ, ನಿಮ್ಮ ಎಳೆಗಾಯಿಯ ಬಿಳಿ ಬೀಜದಿಂದ ತೆಗೆದು ಬಾಟಲಿಯಲ್ಲಿ ಉಳಿಸಿಕೊಂಡಿದ್ದ ಮೊಳಕೆಗಳಿಗೆ ಗಾಳಿಯ ಒತ್ತಡದಿಂದ ಹೊಡೆದೆವು. ಹೌದು, ಖರೇ ಬಂಗಾರ. ಬಂಗಾರ ಜೀವಕ್ಕೆ ಅಪಾಯ ಮಾಡುವುದಿಲ್ಲ, ಅದಕ್ಕೆ. ಸಾವಿರಾರು ಮೊಳಕೆಗಳಲ್ಲಿ ಕೆಲವು ಮಾತ್ರ ಆ ತುಣುಕನ್ನು ತಮ್ಮದಾಗಿ ಮಾಡಿಕೊಂಡವು. ಅವು ಈಗ ಬಾಟಲಿಯೊಳಗೆ ಬೆರಳಿನಷ್ಟು ಎತ್ತರ ಇವೆ.

ಹೀಗೆ ಬೆಳೆದ ಗಿಡಕ್ಕೆ ರೋಗದ ಗುರುತು ಹುಟ್ಟಿನಿಂದಲೇ ಇರುತ್ತದೆ. ರೋಗ ಒಳಗೆ ಬಂದ ಕೂಡಲೇ ಗಿಡವೇ ಗುರುತು ಹಿಡಿದು ಅದನ್ನು ಕತ್ತರಿಸಿ ಹಾಕುತ್ತದೆ. ಇದನ್ನು ನಿಮಗೆ ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ.

ಬೇನಜೀರ

---

ಮೇಡ್ಲೇರಿ
2 ಡಿಸೆಂಬರ್ 2022

ಚಿ. ಬೇನಜೀರಳಿಗೆ,

ತಿಳಿಯಿತು. ಬ್ಯಾಡಗಿ ಪೇಟೆಯಲ್ಲಿ ದಲಾಲಿಗಳು ಮೆಣಸಿನಕಾಯಿ ಚೀಲದಿಂದ ಒಂದು ಹಿಡಿ ತೆಗೆದು ನೋಡುತ್ತಾರೆ. ಮೂಸಿ, ಮುರಿದು, ಬಣ್ಣ ನೋಡಿ ಕೆಳಗೆ ಹಾಕುತ್ತಾರೆ. ಮುಂದೆ ಅದೇ ಮಾಲು ನೂರು ಚೀಲದಲ್ಲಿ ಬರಲಿ, ಬಾಗಿಲಲ್ಲೇ ಗುರುತು ಹಿಡಿಯುತ್ತಾರೆ. ನಿನ್ನ ಗಿಡದ ಕೈಯಲ್ಲಿ ರೋಗದ ಒಂದು ಹಿಡಿ ಇದೆ. ಇಷ್ಟೇ ತಾನೇ?

ಇಷ್ಟೇ ಎಂದು ಬರೆದೆ. ಆದರೆ ಪತ್ರ ಓದಿದ ದಿನ ಅಡುಗೆಮನೆಯಲ್ಲಿ ಸುಮ್ಮನೆ ಕುಳಿತಿದ್ದೆ. ಸುರೇಖಾ ಬಂದು, "ಅತ್ತೀ, ಹಾಲ ಉಕ್ಕಾಕತ್ತೈತಿ, ನೋಡಾಕತ್ತೀರಿ, ಇಳಸವಲ್ಲಿರಿ" ಎಂದಳು. ನಮ್ಮ ತೋಟದಿಂದ ಹೋದದ್ದು ಎರಡೇ, ಒಂದು ಕಾಯಿ, ಒಂದು ಕೊಳೆ. ನಾನು ಮುಚ್ಚಿ ಕಳಿಸಿದ ಆ ಕೊಳೆಯೇ ಕಾಯಿಯನ್ನು ಕಾಯುತ್ತದೆ. ಅದನ್ನು ಬಂಗಾರದಲ್ಲಿ ಇಟ್ಟು ಕೊಟ್ಟಿದ್ದೀರಿ. ಇಂಥದ್ದನ್ನು ಯೋಚಿಸಿದ ಮನುಷ್ಯರು ಇದ್ದಾರೆ, ಅವರಲ್ಲಿ ಒಬ್ಬಳು ನಮ್ಮ ಮಲ್ಲಿಕಸಾಬನ ಮಗಳು.

ತೋಟದ ವಿಷಯ ಸುಳ್ಳು ಬರೆಯುವುದಿಲ್ಲ. ಮೂರರಲ್ಲಿ ಎರಡು ಪಾಲು ಹೋಗಿದೆ. ಊರಿನ ಹಿತ್ತಲುಗಳಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಕಾಯಿ ಬಿಡುತ್ತಿದೆ, ಸಪ್ಪೆ ಕಾಯಿ.

ಗದಿಗೆವ್ವ

---

ಮೇಡ್ಲೇರಿ
9 ಫೆಬ್ರುವರಿ 2024

ಚಿ. ಬೇನಜೀರಳಿಗೆ,

ನಿನ್ನ ಗಿಡಗಳನ್ನು ನೋಡಿಕೊಂಡು ಪುಣೆಯಿಂದ ಬಂದು ಒಂದು ವಾರವಾಯಿತು. ಹೊರಗೇ ಕುಳಿತಿದ್ದ ರುದ್ರಮುನಿ ರೈಲಿನಲ್ಲಿ ಹತ್ತು ಸಲ ಕೇಳಿದ, "ಏನ್ ನೋಡಿದಿ, ಹೇಳಬಾರದೇನ ಯವ್ವಾ." ಹೇಳಲಿಕ್ಕೆ ಆಗಲಿಲ್ಲ. ಬರೆದರೆ ಆದೀತು ಎಂದು ಬರೆಯುತ್ತಿದ್ದೇನೆ.

ನೀನು ಬಿಳಿ ಕೋಟು ಹಾಕಿಸಿ, ಎರಡು ಬಾಗಿಲು ದಾಟಿಸಿ ಗಾಜಿನ ಮನೆಯೊಳಗೆ ಕರೆದುಕೊಂಡು ಹೋದೆ. ಎಡಕ್ಕೆ ಒಂದು ಸಾಲು, ಬಲಕ್ಕೆ ಒಂದು ಸಾಲು. ಎರಡೂ ನಮ್ಮ ಬೀಜ, ಎರಡಕ್ಕೂ ನಮ್ಮ ತೋಟದ ರೋಗವನ್ನೇ ಕೈಯಾರೆ ಎಲೆಗೆ ಉಜ್ಜಿದ್ದೇವೆ ಎಂದು ನೀನು ಹೇಳಿದೆ. ಎಡಗಡೆಯವನ್ನು ನೋಡಿದ ಕೂಡಲೇ ಗುರುತಾಯಿತು. ಅವು ನನ್ನ ತೋಟ. ದಾರದಂಥ ಎಲೆ, ಮುದುಡಿದ ಸುಳಿ. ಬಲಗಡೆ ತಿರುಗಿದೆ. ನನ್ನ ಅತ್ತೆಯವರ ಕಾಲದ ಪಪ್ಪಾಯಿ ಅಲ್ಲಿ ನಿಂತಿತ್ತು. ನಾನು ಸೊಸೆಯಾಗಿ ಬಂದ ವರ್ಷ ಕಂಡಿದ್ದ ಎಲೆ, ಊಟಕ್ಕೆ ಹಾಸುವಷ್ಟು ಅಗಲ. ನಡುವೆ ಇದ್ದದ್ದು ಒಂದು ಹೆಜ್ಜೆ ಜಾಗ. ಅದೇ ಗಾಳಿ, ಅದೇ ನೀರು, ಅದೇ ರೋಗ.

ದೇವರ ಮುಂದೆ ನಿಂತರೆ ನನಗೆ ಬೇಡುವುದು ನೆನಪಿಗೆ ಬರುತ್ತದೆ. ಅಲ್ಲಿ ಬೇಡುವುದೂ ನೆನಪಾಗಲಿಲ್ಲ. ಎಲೆಯನ್ನು ಮುಟ್ಟಲೇ ಎಂದು ನಿನ್ನನ್ನು ಕೇಳಿದೆ. ನನ್ನ ಬೀಜದ ಗಿಡ ಮುಟ್ಟಲು ಮಲ್ಲಿಕಸಾಬನ ಮಗಳ ಅಪ್ಪಣೆ ಕೇಳಿದೆ ಎಂಬುದು ಹೊರಗೆ ಬಂದ ಮೇಲೆ ಹೊಳೆಯಿತು. ಬೇಸರವಾಗಲಿಲ್ಲ.

ಒಂದು ಮಾತು ಮಾತ್ರ ಮನಸ್ಸಿನಲ್ಲಿ ಉಳಿದಿದೆ. ಹೊರಡುವಾಗ ಬಾಗಿಲಲ್ಲಿದ್ದ ನಿಮ್ಮ ಲ್ಯಾಬಿನ ಹುಡುಗಿ, "ಆಜೀ, ಸೆರಗು ಝಾಡಿಸಿ" ಎಂದಳು. ಒಂದು ಬೀಜ, ಒಂದು ಹೂವಿನ ಪುಡಿ ಹೊರಗೆ ಹೋಗಬಾರದು ಎಂಬುದು ಕಾಯಿದೆ ಎಂದು ನೀನು ಹೇಳಿದೆ. ಕೊಡವಿ ಝಾಡಿಸಿದೆ. ಯಾವ ಮನೆಯಿಂದಲೂ ಖಾಲಿ ಉಡಿಯಲ್ಲಿ ಹೊರಬಿದ್ದವಳಲ್ಲ ನಾನು. ನನ್ನದೇ ಬೀಜದ ಮನೆಯಿಂದ ಹಾಗೆ ಬಂದೆ. ಕಾಯಿದೆ ಸರಿಯೇ ಇರಬಹುದು. ಗಿಡ ಬಯಲಿಗೆ ಯಾವಾಗ ಬರುತ್ತದೆ?

ಗದಿಗೆವ್ವ

---

ಪುಣೆ
17 ಜೂನ್ 2025

ಅವ್ವಾರಿಗೆ ನಮಸ್ಕಾರ.

ಅನುಮತಿ ಬಂತು. ಬಯಲಿನಲ್ಲಿ ಒಮ್ಮೆ ಬೆಳೆದು ನೋಡಬಹುದು. ಜಾಗ ನಿಮ್ಮ ತೋಟದ ಆಚೆ, ಹೊಳೆಯ ಹತ್ತಿರದ ಸರ್ಕಾರಿ ತಾಕು. ಯಾವ ರೋಗವನ್ನು ತಡೆಯಬೇಕೋ ಅದು ಇರುವಲ್ಲಿಯೇ ಗಿಡ ನಿಂತು ತೋರಿಸಬೇಕು ಎಂದು ಅರ್ಜಿಯಲ್ಲಿ ನಾವೇ ಬರೆದಿದ್ದೆವು.

ಒಂದು ಷರತ್ತಿದೆ. ತಾಕಿನ ಸುತ್ತ ಗೊತ್ತು ಮಾಡಿದ ಅಂತರದೊಳಗೆ ಬೇರೆ ಒಂದೇ ಒಂದು ಪಪ್ಪಾಯಿ ಗಿಡ ಹೂಬಿಡುವಂತಿಲ್ಲ. ಪರಾಗ ಆಚೆ ಈಚೆ ಹೋಗಬಾರದು. ನಕ್ಷೆಯಲ್ಲಿ ಸುತ್ತು ಹಾಕಿ ನೋಡಿದೆ. ನಿಮ್ಮ ತೋಟ ಪೂರ್ತಿ ಒಳಗೆ ಬರುತ್ತದೆ. ಊರಿನ ಹಿತ್ತಲುಗಳೂ ಬರುತ್ತವೆ. ಆಗಸ್ಟ್ ಕೊನೆಯೊಳಗೆ ಜಾಗ ತೆರವಾಗದಿದ್ದರೆ ಅನುಮತಿ ರದ್ದಾಗುತ್ತದೆ. ಇನ್ನೊಮ್ಮೆ ಸಿಗುವ ಭರವಸೆ ನನಗಿಲ್ಲ.

ಇನ್ನೂ ಒಂದು. ಈ ಸಲದ ಹಣ್ಣನ್ನು ಯಾರೂ ತಿನ್ನುವಂತಿಲ್ಲ. ಪರೀಕ್ಷೆ ಮುಗಿದ ಮೇಲೆ ಗಿಡಗಳನ್ನೆಲ್ಲ ಸುಡಬೇಕು. ತಿನ್ನಲು ಯೋಗ್ಯವೋ ಅಲ್ಲವೋ ಎಂಬುದನ್ನು ಬೇರೆಯವರು ಬೇರೆಯಾಗಿ ನೋಡುತ್ತಾರೆ, ಅದಕ್ಕೆ ವರ್ಷಗಳು ಹಿಡಿಯಬಹುದು. ನಿಮ್ಮ ಕಾಯಿಯಿಂದ ಬೆಳೆಸಿ ತೆಗೆದ ಮೂಲ ಬೀಜ ನಮ್ಮ ತಣ್ಣನೆಯ ಕೋಣೆಯಲ್ಲಿ ಜೋಪಾನವಾಗಿದೆ. ಆದರೆ ಅದನ್ನು ಮೇಡ್ಲೇರಿಯಲ್ಲಿ ಹಚ್ಚಿದರೆ ಏನಾಗುತ್ತದೆ ಎಂಬುದು ನಿಮಗೇ ಗೊತ್ತು.

ಫಲ ಹೊತ್ತ ಗಿಡಕ್ಕೆ ನಿಮ್ಮ ಮನೆಯವರು ಕೊಡಲಿ ಹಾಕುವುದಿಲ್ಲ ಎಂದು ಬರೆದಿದ್ದಿರಿ. ಉಡಿಗೆ ಹಾಕಿದ್ದನ್ನು ವಾಪಸ್ಸು ಕೇಳುವುದು ಎಂದರೇನು ಎಂಬುದೂ ನನಗೆ ಗೊತ್ತಿದೆ, ನಾನು ಹುಸೇನಬಿಯ ಮಗಳು. ಆದ್ದರಿಂದ ಇದು ಕೇಳುವುದಕ್ಕೆ ಬರೆದ ಪತ್ರವಲ್ಲ, ತಿಳಿಸುವುದಕ್ಕೆ.

ಬೇನಜೀರ

---

ಮೇಡ್ಲೇರಿ
24 ಆಗಸ್ಟ್ 2025

ಚಿ. ಬೇನಜೀರಳಿಗೆ,

ನಿನ್ನ ಪತ್ರಕ್ಕೆ ಎರಡು ತಿಂಗಳು ಉತ್ತರ ಬರೆಯಲಿಲ್ಲ. ಒಲ್ಲೆ ಎನ್ನುತ್ತಾರೆ ಎಂದು ನೀನು ತಿಳಿದುಕೊಂಡಿರಬೇಕು. ಮೊದಲು ಹಾಗೇ ಇತ್ತು.

ನಿನ್ನ ಪತ್ರದ ಸುದ್ದಿ ತಿಳಿದ ದಿನವೇ ರುದ್ರಮುನಿ, "ಜೆಸಿಬಿ ತರಸ್ತೇನಿ, ಒಂದ್ ತಾಸಿನ ಕೆಲಸ" ಎಂದ. ಬೇಡವೆಂದೆ. ಯಂತ್ರ ತಂದರೆ ಗಿಡ ಕಿತ್ತದ್ದು ಯಂತ್ರವಾಗುತ್ತದೆ, ನಾನಲ್ಲ. ಜುಲೈ ಪೂರ್ತಿ ತೋಟಕ್ಕೆ ಹೋಗಿ ಬಂದೆ. ಉಳಿದ ಗಿಡಗಳಲ್ಲಿ ಕಾಯಿ ಇತ್ತು, ಉಂಗುರ ಒತ್ತಿದ ಕಾಯಿ. ಫಲ ಹೊತ್ತ ಗಿಡ ಎಂದು ಅವನ್ನು ಕಾದೆವು. ನಾವು ಕಾದ ಪ್ರತಿ ಗಿಡದಿಂದ ರೋಗ ಪಕ್ಕದ ಗಿಡಕ್ಕೆ ಹಾರಿತು. ನೀನು ಮೊದಲನೆಯ ಪತ್ರದಲ್ಲೇ ಬರೆದಿದ್ದೆ. ನಾಗರ ಪಂಚಮಿ ಮುಗಿದ ಮರುದಿನ ಕೊಡಲಿ ತೆಗೆದುಕೊಂಡೆ. ಪಪ್ಪಾಯಿಯ ಕಾಂಡ ಮೆತ್ತಗೆ. ಏಟಿಗೆ ಸದ್ದೂ ಬರುವುದಿಲ್ಲ, ಬೆಳ್ಳನೆಯ ಹಾಲು ಬರುತ್ತದೆ. ಯಜಮಾನರು ಬೇರು ಅಗೆದರು. ಸಂಜೆಗೆ ತೋಟದಲ್ಲಿ ನಿಂತರೆ ಹೊಳೆ ಕಂಡಿತು. ಮದುವೆಯಾಗಿ ಬಂದ ಮೇಲೆ ಅಲ್ಲಿಂದ ಹೊಳೆ ಕಂಡದ್ದು ಅದೇ ಮೊದಲು.

ಆಮೇಲೆ ಊರು. ಪಂಚಾಯಿತಿಯವರು ಡಂಗುರ ಹೊಡೆಸುತ್ತೇವೆ ಎಂದರು. ಉಡಿಗೆ ಹಾಕಿದವಳು ನಾನು, ಡಂಗುರದವನಲ್ಲ ಎಂದೆ. ಒಂದೊಂದೇ ಮನೆಗೆ ಹೋದೆ. ಹೊಸ್ತಿಲ ಹೊರಗೆ ನಿಂತು, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದೆ. "ನಮ್ಮ ಮನಿ ಬೀಜ ತಿರುಗಿ ಕೊಡ್ರಿ. ನಿಮ್ಮ ಹಿತ್ತಲ ಗಿಡ ಕೀಳಬೇಕಾಗೈತಿ" ಎಂದೆ. ಮೊದಲ ಮನೆಯ ಸೊಸೆ ಗಾಬರಿಯಾಗಿ ಒಳಗೆ ಓಡಿ ಅತ್ತೆಯನ್ನು ಕರೆತಂದಳು. ಒಬ್ಬಳು ಕೇಳಿದಳು, "ಆ ಗಿಡದ ಗಾಳಿ ಬಡದ್ರ ನಮ್ಮ ಬದನಿಕಾಯಿಗೂ ಹತ್ತೈತಂತ, ಖರೇನ್ರಿ?" ಬದನೆಗೂ ಪಪ್ಪಾಯಿಗೂ ಬೀಗತನ ಆಗುವುದಿಲ್ಲ ಎಂದು ಹೇಳಿದೆ. ನಿನ್ನಿಂದ ಕಲಿತದ್ದನ್ನು, ಎಡದ ಸಾಲು ಬಲದ ಸಾಲು ಕಂಡದ್ದನ್ನು ಪ್ರತಿ ಮನೆಯಲ್ಲೂ ಹೇಳಿದೆ. ಹಣ್ಣು ಯಾರಿಗೂ ಸಿಗುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಯಾರೂ ಇಲ್ಲವೆನ್ನಲಿಲ್ಲ. ಬೇಡುವ ಗದಿಗೆವ್ವನನ್ನು ನೋಡಿ ಅವರಿಗೇ ನಾಚಿಕೆಯಾದಂತಿತ್ತು.

ಕೊನೆಗೆ ಉಳಿದದ್ದು ಕರೆವ್ವನ ಮನೆ. ನಿನಗೆ ಗೊತ್ತಿರಲಿಕ್ಕಿಲ್ಲ. ಕರೆವ್ವನೂ ನಾನೂ ಒಂದೇ ಶ್ರಾವಣದಲ್ಲಿ ಈ ಊರಿಗೆ ಸೊಸೆಯರಾಗಿ ಬಂದೆವು. ಇಬ್ಬರ ಉಡಿಯನ್ನೂ ನನ್ನ ಅತ್ತೆ ಒಂದೇ ಮೊರದಿಂದ ತುಂಬಿದರು. ನೀರಿನ ಪಾಳಿಯ ಜಗಳದ ಮೇಲೆ ಹನ್ನೆರಡು ವರ್ಷದಿಂದ ಮಾತಿಲ್ಲ. ನಾನು ಬರುವ ಸುದ್ದಿ ಅವಳಿಗೆ ಮುಟ್ಟಿತ್ತು. ಕಟ್ಟೆಯ ಮೇಲೆ ಕುಳಿತು ಓಣಿಗೆಲ್ಲ ಕೇಳುವ ಹಾಗೆ, "ತನ್ನ ತ್ವಾಟ ಹೋತು, ಈಗ ನಮ್ಮ ಹಿತ್ತಲಕ್ಕ ಬಂದಾಳ ನೋಡ್ರಿ ಗೌಡಶ್ಯಾನಿ" ಎಂದಳು. ಅವಳ ಹಿತ್ತಲಿನ ಗಿಡ ಊರಲ್ಲೇ ಎತ್ತರದ್ದು, ಗೋಡೆಯ ಮೇಲಿಂದ ಕಾಣುತ್ತದೆ. ಅದೊಂದು ಉಳಿದರೆ ಉಳಿದೆಲ್ಲ ಕಡಿದದ್ದು ವ್ಯರ್ಥ.

ಸೆರಗು ಒಡ್ಡಿದೆ. ಅವಳು ನನ್ನ ಸೆರಗನ್ನೇ ನೋಡಿದಳು. ಆಮೇಲೆ, "ಅಲ್ಲಿ ಪುಣೆದಾಗ ನಮ್ಮ ಅತ್ತಿಯಾರ ಕಾಲದ ಎಲಿನ ಐತೇನು? ಅಷ್ಟ ಅಗಲ?" ಎಂದು ಕೇಳಿದಳು. ನನ್ನ ಅತ್ತೆಯನ್ನು ಅವಳು ಇನ್ನೂ ನಮ್ಮ ಅತ್ತಿಯಾರು ಎನ್ನುತ್ತಾಳೆ.

"ಕೈಲೆ ಮುಟ್ಟಿ ಬಂದೇನಿ" ಎಂದೆ.

"ನಿನಗ ಮುಟ್ಟಾಕ ಕೊಟ್ರು? ಹಂಗಾರ ಭಾಳ ಛಲೋ ಮಂದಿನ ಇರಬೇಕು" ಎಂದು ಎದ್ದು ಒಳಗೆ ಹೋದಳು. ಹಿತ್ತಲಿನಲ್ಲಿ ಕೊಡಲಿಯ ಮೆತ್ತನೆಯ ಏಟು ಕೇಳಿತು, ಆಮೇಲೆ ಗಿಡ ಗೋಡೆಯ ಮೇಲಿಂದ ಮರೆಯಾಯಿತು. ನಾನು ಹೊಸ್ತಿಲಲ್ಲೇ ನಿಂತಿದ್ದೆ, ಸೆರಗು ಹಾಗೆಯೇ ಹಿಡಿದುಕೊಂಡು. ಅವಳು ಮೊರ ತಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು. ಹಾಲು ಮೆತ್ತಿದ ಕೈಯಿಂದಲೇ ನನ್ನ ಉಡಿ ತುಂಬಿದಳು. "ಬೀಜ ಇಲ್ಲಬೇ ಈ ಸಲ. ಅದನ್ನ ನೀನ ಕೊಡಬೇಕು, ಮುಂದ" ಎಂದಳು.

ನಿನ್ನೆ ರುದ್ರಮುನಿ ಮತ್ತು ಪಂಚಾಯಿತಿಯವರು ನಕ್ಷೆ ಹಿಡಿದು ಸುತ್ತು ಪೂರ್ತಿ ತಿರುಗಿ ಬಂದರು. ಸುತ್ತಿನೊಳಗೆ ಒಂದು ಪಪ್ಪಾಯಿ ಗಿಡವೂ ಇಲ್ಲ. ನೀನು ಸಸಿಗಳನ್ನು ತೆಗೆದುಕೊಂಡು ಬಾ.

ಗದಿಗೆವ್ವ